ಮರೆವ್ವನ ಮಗಳು, ಲಗ್ಗೆರೆ

ಕುಂದಲಹಳ್ಳಿ
14 ಜುಲೈ 2024, ಭಾನುವಾರ

ಪ್ರೀತಿಯ ಅವ್ವಾ,

ನಿನ್ನ ಸವಿತಾ ಮಾಡುವ ನಮಸ್ಕಾರ. ಮೊಣಕಾಲು ನೋವು ಹೇಗಿದೆ? ಫೋನಿನಲ್ಲಿ ಹಚ್ಚೆಯ ಮಾತು ತೆಗೆದರೆ ಸಾಕು, ಒಲೆಯ ಮೇಲೆ ಹಾಲಿದೆ ಎಂದು ಇಟ್ಟುಬಿಡುತ್ತೀ. ಅದಕ್ಕೇ ಕಾಗದ. ಅಕ್ಷರ ದಪ್ಪಗೆ ಬರೆದಿದ್ದೇನೆ. ಒಬ್ಬಳೇ ಕೂತು ನಿಧಾನವಾಗಿ ಓದು.

ನನ್ನ ಬಲಗೈ ಹಚ್ಚೆಯ ವಿಷಯ. ನಾನು ಮೂರು ವರ್ಷದವಳಿದ್ದಾಗ ಹಚ್ಚೆ ಹಾಕುವ ಹೆಂಗಸಿನ ಮುಂದೆ ಕೂರಿಸಿ 'ಸವಿತಾ, ಮರೆವ್ವನ ಮಗಳು, ಲಗ್ಗೆರೆ' ಎಂದು ಬರೆಸಿದ್ದೀಯಲ್ಲ, ಅದು. ಶಾಲೆಯಲ್ಲಿ ನನ್ನನ್ನು ಪಾರ್ಸೆಲ್ ಎಂದು ಕರೆಯುತ್ತಿದ್ದರು. ಯಾಕೆ ಬರೆಸಿದೆ ಎಂದು ಎಷ್ಟು ಸಲ ಕೇಳಿದರೂ 'ಚೆಂದ ಕಾಣಲಿ ಅಂತ' ಎನ್ನುತ್ತಿದ್ದೆ ನೀನು. ಹೂವೋ ಚುಕ್ಕಿಯೋ ಆಗಿದ್ದರೆ ನಂಬುತ್ತಿದ್ದೆ. ವಿಳಾಸದಲ್ಲಿ ಏನು ಚೆಂದ?

ಈ ಕಂಪನಿಯ ರಿಸೆಪ್ಷನ್‌ಗೆ ಸೇರಿದ ದಿನವೇ ಅದು ಹೇಮಲತಾ ಮೇಡಂ ಕಣ್ಣಿಗೆ ಬಿತ್ತು. ರಿಸೆಪ್ಷನ್ ಮೇಜಿನವರನ್ನೆಲ್ಲ ನೋಡಿಕೊಳ್ಳುವವರು ಅವರೇ, ದಾವಣಗೆರೆ ಕಡೆಯವರು. ಜೋರು ಮಾಡಲಿಲ್ಲ. ಬಂದವರಿಗೆ ಮೊದಲು ಕಾಣುವ ಜಾಗದಲ್ಲಿ ಟ್ಯಾಟೂ ಕಾಣಬಾರದೆಂಬ ನಿಯಮವಿದೆ, ತುಂಬುತೋಳಿನ ಬಟ್ಟೆ ಹಾಕಿಕೋ, ಸಾಧ್ಯವಾದರೆ ಕೆಲಸ ಖಾಯಂ ಆಗುವುದರೊಳಗೆ ತೆಗೆಸಿಬಿಡು ಎಂದರು. ಒಳಗೆ ಕಂಪ್ಯೂಟರ್ ಮುಂದೆ ಕೂರುವ ಹುಡುಗನೊಬ್ಬನಿಗೆ ಕುತ್ತಿಗೆ ತುಂಬಾ ಅಲೆಗಳ ಚಿತ್ರವಿದೆ. ಅವನನ್ನು ಯಾರೂ ಕೇಳುವುದಿಲ್ಲ. ನನಗೆ ಬೇಜಾರಾಯಿತು. ಆದರೂ ನಿಜ ಹೇಳುತ್ತೇನೆ, ತೆಗೆಸಲು ಒಂದು ನೆಪ ಸಿಕ್ಕಿತೆಂದು ಒಳಗೊಳಗೇ ಸಮಾಧಾನವೂ ಆಯಿತು.

ಚರ್ಮದ ಡಾಕ್ಟರ ಹತ್ತಿರ ಹೋದೆ. ಹಳೆಯ ಹಚ್ಚೆ, ಆಳಕ್ಕೆ ಇಳಿದಿದೆ, ಯಾವ ಬಣ್ಣದಲ್ಲಿ ಹಾಕಿದ್ದು ಎಂದು ತಿಳಿದುಕೊಂಡು ಬಾ ಎಂದರು. ನಿನ್ನನ್ನು ಕೇಳಿದೆ, ನೀನು ಫೋನ್ ಇಟ್ಟೆ. ಆಮೇಲೆ ಸಿದ್ದಕ್ಕ ಚಿಗವ್ವನಿಗೆ ಮಾಡಿದೆ.

"ಅದನ್ನ ಅಳಿಸಬ್ಯಾಡ ತಂಗಿ," ಎಂದಳು. "ನಿನಗಿಂತ ಮೊದಲು ಒಬ್ಬ ಇದ್ದ. ಬಸಲಿಂಗ ಅಂತ. ಕಳಕೊಂಡ್ರು."

ಚಿಗವ್ವನ ಮೇಲೆ ಸಿಟ್ಟಾಗಬೇಡ, ಒತ್ತಾಯ ಮಾಡಿ ಕೇಳಿದವಳು ನಾನು. ನೀನೂ ಅಪ್ಪನೂ ಇದೇ ಕುಂದಲಹಳ್ಳಿಯಲ್ಲಿ ಕಟ್ಟಡದ ಕೆಲಸಕ್ಕಿದ್ದಿರಂತೆ. ನೀನು ಮೂರು ವರ್ಷದ ಅವನನ್ನು ಮರಳಿನ ಗುಡ್ಡೆಯ ಪಕ್ಕ ನೆರಳಿನಲ್ಲಿ ಮಲಗಿಸಿ ಕಾಂಕ್ರೀಟ್ ಹೊರಲು ಮೇಲೆ ಹೋದೆಯಂತೆ. ಇಳಿದು ಬಂದಾಗ ಹಾಸಿದ ಸೀರೆ ಮಾತ್ರ ಇತ್ತಂತೆ. ಒಂದು ಮಗು ಬಸ್ಸು ಹತ್ತಿದ್ದನ್ನು ಕಂಡೆ ಎಂದು ಯಾರೋ ಹೇಳಿದರು. ಪೊಲೀಸ್ ಸ್ಟೇಷನ್ನಿನಲ್ಲಿ, ಮಗುವಿಗೆ ತನ್ನ ಊರು ಹೇಳಲು ಬರುತ್ತದೆಯೇ ಎಂದು ಕೇಳಿದರು. ಬರುತ್ತಿರಲಿಲ್ಲ. ಊರೂರು ಹುಡುಕಿದಿರಿ. ಸಿಗಲಿಲ್ಲ. ಆಮೇಲೆ ಲಗ್ಗೆರೆಗೆ ಬಂದಿರಿ, ಅಪ್ಪ ಪೀಣ್ಯದ ಕಾರ್ಖಾನೆ ಸೇರಿದ, ನಾನು ಹುಟ್ಟಿದೆ.

ಅವತ್ತು ನಾನು ಊಟ ಮಾಡಲಿಲ್ಲ ಅವ್ವ. ಬಸ್‌ಸ್ಟ್ಯಾಂಡಿನಲ್ಲಿ ನನ್ನ ಮಣಿಕಟ್ಟು ನೋಯುವಷ್ಟು ಬಿಗಿಯಾಗಿ ನೀನು ಯಾಕೆ ಹಿಡಿಯುತ್ತಿದ್ದೆ, ಕುಂದಲಹಳ್ಳಿಯಲ್ಲಿ ಕೆಲಸ ಸಿಕ್ಕಿತು ಎಂದಾಗ ಯಾಕೆ ಹಟ ಹಿಡಿದು ಬೇಡವೆಂದೆ, ಎಲ್ಲ ತಿಳಿಯಿತು. ನಾನು ನಾಚಿಕೊಂಡು ಮುಚ್ಚಿಟ್ಟುಕೊಂಡ ಅಕ್ಷರಗಳನ್ನು ನೀನು ಎಂಥ ಭಯದಲ್ಲಿ ಬರೆಸಿದ್ದೆ!

ಮರುದಿನ ಅರ್ಧತೋಳಿನ ಕುಪ್ಪಸ ತೊಟ್ಟು ಹೋಗಿ, ಅವರು ಕರೆಯುವ ಮೊದಲೇ ಮೇಡಂ ಎದುರು ನಿಂತೆ. ನಡೆದದ್ದೆಲ್ಲ ಹೇಳಿದೆ.

"ಇದನ್ನ ತೆಗೆಸಲ್ಲ ಮೇಡಂ. ಇನ್ಮೇಲೆ ಮುಚ್ಕೊಳ್ಳೋದೂ ಇಲ್ಲ."

ಅವರು ನನ್ನ ಕೈಯನ್ನು ತಮ್ಮ ಕಡೆ ತಿರುಗಿಸಿಕೊಂಡು ಓದಿದರು. ಬೇಕಾದರೆ ಒಳಗೆ ಇದೇ ಸಂಬಳಕ್ಕೆ ಬೇರೆ ಕೆಲಸ ಕೊಡಿಸುತ್ತೇನೆ, ಅಲ್ಲಿ ಯಾರ ತಕರಾರೂ ಇರುವುದಿಲ್ಲ ಎಂದರು. ಬೇಡವೆಂದೆ. ನನಗೆ ನಾಲ್ಕು ಜನ ಬಂದುಹೋಗುವ ಜಾಗವೇ ಖುಷಿ. ಹಾಗಾದರೆ ಮೇಲಿನವರನ್ನು ಕೇಳಬೇಕು, ಏನನ್ನುತ್ತಾರೋ ಗೊತ್ತಿಲ್ಲ ಎಂದರು. ಅಲ್ಲಿಂದ ಮುಂದೆ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ದಿನವೂ ಹೆದರುತ್ತಲೇ ಹೋಗಿ ಕೂರುತ್ತಿದ್ದೆ. ನಿನಗೆ ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಎನ್ನುತ್ತಿದ್ದದ್ದು ಆ ದಿನಗಳಲ್ಲೇ.

ಕಳೆದ ವಾರ ಮೇಡಂ ಕರೆದರು. "ಒಪ್ಪಿದಾರೆ ಕಣಮ್ಮ. ಯಾರಿಗೂ ಅವಮಾನ ಆಗೋ ಅಂಥದ್ದು ಇರಬಾರದು ಅಷ್ಟೇ, ಉಳಿದ ಟ್ಯಾಟೂ ಯಾವುದಿದ್ರೂ ನಡಿಯತ್ತೆ. ನಿನಗೊಬ್ಬಳಿಗೇ ಅಲ್ಲ, ಎಲ್ರಿಗೂ. ನೀನು ಅಲ್ಲೇ ಕೂತ್ಕೋ." ಕೆಲಸವೂ ಖಾಯಂ ಆಯಿತು. ಸೂಟು ಹಾಕಿದ ಒಬ್ಬರು ನನ್ನ ಕೈ ನೋಡಿ ಮುಖ ಸಿಂಡರಿಸಿದರು, ಇಲ್ಲವೆನ್ನುವುದಿಲ್ಲ. ಕೊರಿಯರ್‌ನವನೊಬ್ಬ ಜೋರಾಗಿ ಓದಿ, ನಾನೂ ಲಗ್ಗೆರೆಯವನೇ ಅಕ್ಕಾ ಎಂದು ನಕ್ಕು ಹೋದ.

ಹಬ್ಬಕ್ಕೆ ಬರುತ್ತೇನೆ. ಆಗ ಅಣ್ಣನ ಮಾತು ಆಡೋಣ. ಅಳು ಬಂದರೆ ಇಬ್ಬರೂ ಅಳೋಣ. ಮಾತ್ರೆ ತಪ್ಪಿಸಬೇಡ.

ನಿನ್ನ ಮಗಳು,
ಸವಿತಾ

ತಾ.ಕ.: ನಾಲ್ಕು ಜನ ಬರುವ ಜಾಗ ಖುಷಿ ಎಂದು ಮೇಲೆ ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ಡ್ರೈವರುಗಳು, ಎ.ಸಿ. ರಿಪೇರಿಯವರು, ಊಟ ತರುವವರು, ಎಲ್ಲರೂ ಮೊದಲು ಬರುವುದು ನನ್ನ ಮೇಜಿಗೆ. ಅಣ್ಣನ ವಯಸ್ಸಿನವರು ಬಂದರೆ ಅಕ್ಷರ ಅವರಿಗೆ ಕಾಣುವ ಹಾಗೆ ಕೈ ಇಡುತ್ತೇನೆ. ನೀನು ಒಂದು ಹೇಳಬೇಕು ಅವ್ವ. ಅವನಿಗೆ ನಿನ್ನ ಹೆಸರು ಮರೆವ್ವ ಎಂದು ಗೊತ್ತಿತ್ತಾ, ಇಲ್ಲಾ ಬರೀ ಅವ್ವ ಅಂತಲೇ ಗೊತ್ತಿತ್ತಾ?