ವೆಲಿಕಾಳ ದನಿಗೊಂದು ಪೆಟ್ಟಿಗೆ

ನವೆಂಬರ್ 9, ಭಾನುವಾರ

ಮತ್ತೆ ಕಂಪ್ಯೂಟರ್ ಬಿಡಿಭಾಗಗಳ ಪಟ್ಟಿ. ಇದು ಏಳನೆಯದು. ಮದರ್‌ಬೋರ್ಡ್ ಬದಲಿಸಿದೆ, ಈಗ ಮೆಮೊರಿ ಹೊಂದುವುದಿಲ್ಲ. ಮೆಮೊರಿ ಬದಲಿಸಿದರೆ ಪ್ರೊಸೆಸರ್ ತಕರಾರು. ಫೋರಮ್‌ನಲ್ಲಿ ಒಬ್ಬ ಇದು ಬೇಕೇ ಬೇಕು ಅನ್ನುತ್ತಾನೆ, ಇನ್ನೊಬ್ಬ ಶುದ್ಧ ದಂಡ ಅನ್ನುತ್ತಾನೆ. ಕಣ್ಣುರಿ. ಆರು ದಿನ ಲಿಫ್ಟುಗಳ ಗ್ರೀಸು, ಏಳನೇ ದಿನ ಈ ಕರ್ಮ.

ವೆಲಿಕಾ ಬೀನ್ಸ್ ಸಾರು ತಂದಿಟ್ಟಳು. ಕೊರಳಿಗೆ ನೇತುಹಾಕಿಕೊಂಡ ಹಲಗೆಯಲ್ಲಿ ಬರೆದಳು: "ನನ್ನ ಕಟ್ಕೊಳ್ಳೋವಾಗ್ಲೂ ಇಷ್ಟು ಯೋಚ್ನೆ ಮಾಡಿರ್ಲಿಲ್ಲ ನೀನು."

ಅವಳ ಗಂಟಲಿನ ಆಪರೇಷನ್ ಆಗಿ ಹದಿನಾಲ್ಕು ತಿಂಗಳು. ಧ್ವನಿಪೆಟ್ಟಿಗೆಯನ್ನೇ ತೆಗೆದರು. ಇಪ್ಪತ್ತೆರಡು ವರ್ಷ ಶಿಶುವಿಹಾರದಲ್ಲಿ ಹಾಡು ಕಲಿಸಿದವಳು. ಆ ಹಾಡುಗಳೆಲ್ಲ ಒಂದೇ ಒಂದು ಹಳೆಯ ಹಾರ್ಡ್ ಡಿಸ್ಕಿನಲ್ಲಿವೆ — ನನ್ನ ಕಪಾಟಿನಲ್ಲಿ, ಉಣ್ಣೆಯ ಕಾಲುಚೀಲದೊಳಗೆ. ಫೋನ್ ತುಂಬಿದಾಗೆಲ್ಲ ಅದಕ್ಕೆ ಸುರಿದು ಫೋನ್ ಖಾಲಿ ಮಾಡುತ್ತಿದ್ದೆ. ಅವಳ ದನಿ ಬೇರೆಲ್ಲೂ ಇಲ್ಲ.

ಅದಕ್ಕೊಂದು ಭದ್ರವಾದ ಜಾಗ ಮಾಡುತ್ತೇನೆಂದು ಮಾತು ಕೊಟ್ಟಿದ್ದೇನೆ. ಮನೆಯಲ್ಲೇ ಒಂದು ಸರ್ವರ್. ಎರಡು ಡಿಸ್ಕು, ಒಂದರಲ್ಲಿದ್ದದ್ದೆಲ್ಲ ಇನ್ನೊಂದರಲ್ಲೂ. ಲಿಫ್ಟಿಗೆ ಎರಡು ಬ್ರೇಕ್ ಇರುವ ಹಾಗೆ.

ನವೆಂಬರ್ 12, ಬುಧವಾರ

ಎಂಟನೇ ಮಹಡಿಯ ಮೋಟಾರ್ ಕೋಣೆಯಲ್ಲಿ ಊಟದ ಹೊತ್ತು. ಜೊತೆ ಕೆಲಸಗಾರ ಮೆಟೋಡಿಗೆ ಪಟ್ಟಿ ತೋರಿಸಿದೆ. ಪೂರ್ತಿ ಓದಲೂ ಇಲ್ಲ ಅವನು. "ಮೊದ್ಲು ಒಂದು ಸಾದಾ ಡಿಸ್ಕ್ ತಗೊಂಡು ನಕಲು ಮಾಡ್ಕೊಳ್ಳೋ ಮಾರಾಯ. ಅರಮನೆ ಆಮೇಲೆ ಕಟ್ಟು."

ಸಿಟ್ಟು ಬಂತು. ಎರಡು ಬ್ರೇಕೂ ಪರೀಕ್ಷೆ ಆಗುವ ಮೊದಲು ಒಂದು ನರಪಿಳ್ಳೆಯನ್ನೂ ಲಿಫ್ಟಿಗೆ ಹತ್ತಿಸಿದವನಲ್ಲ ನಾನು. ಇಪ್ಪತ್ತಾರು ವರ್ಷ. ಅರೆಬರೆ ಕೆಲಸ ನನ್ನಿಂದಾಗದು.

ನವೆಂಬರ್ 30, ಭಾನುವಾರ

ವೆಲಿಕಾ ಒಂದು ಹಾಡು ಕೇಳಬೇಕಂತೆ. ಮುಳ್ಳುಹಂದಿ ತನ್ನ ಟೋಪಿ ಹುಡುಕುವ ಹಾಡು, ಅವಳೇ ಕಟ್ಟಿದ್ದು. ಮಗಳು ಬಿಲ್ಯಾನಾಳ ಕೂಸು ನೇದಾಗೆ ಹತ್ತು ತಿಂಗಳು. ಮೊದಲ ಹೆಜ್ಜೆ ಇಟ್ಟ ಮೇಲೆ ಮಾಡುವ ಹಬ್ಬದ ದಿನ ಅದೇ ಹಾಡು ಹಾಕಬೇಕೆಂದು ಅವಳ ಆಸೆ. ನನ್ನ ದನಿ ಕೇಳ್ಕೊಂಡು ನಡೀಲಿ ಮಗು, ಎಂದು ಬರೆದಳು.

ಬೇಡ ಅಂದೆ. ಹಳೆಯ ಡಿಸ್ಕು, ತಿರುಗಿದಷ್ಟೂ ಸವೆಯುತ್ತದೆ. ಸರ್ವರ್ ಆಗಲಿ, ಒಂದೇ ಸಲ ತೆಗೆಯೋಣ. ಅಲ್ಲಿಯವರೆಗೆ ಆಸ್ಪತ್ರೆಯವರು ಕೊಟ್ಟ, ಗಂಟಲಿಗೆ ಒತ್ತಿ ಮಾತಾಡುವ ಯಂತ್ರವನ್ನಾದರೂ ಬಳಸು ಅಂದೆ. ಅನ್ನಬಾರದಿತ್ತು.

"ಅದು ನನ್ನ ದನಿಯಲ್ಲ. ಶೇವಿಂಗ್ ಮಷೀನು ಮಾತಾಡಿದ ಹಾಗಿರತ್ತೆ." ಹಲಗೆ ತೋರಿಸಿ, ಒರೆಸಿ, ಒಳಗೆ ಹೋದಳು.

ಡಿಸೆಂಬರ್ 14, ಭಾನುವಾರ

ಒಂದೇ ಕಂತಿನಲ್ಲಿ ತಯಾರಾದ ಡಿಸ್ಕುಗಳು ಒಟ್ಟಿಗೇ ಕೆಡಬಹುದಂತೆ. ಹಾಗಾಗಿ ಎರಡನ್ನು ಎರಡು ಅಂಗಡಿಯಿಂದ ತರಿಸಬೇಕು. ಮೆಮೊರಿ ಬೆಲೆ ಏರುತ್ತಲೇ ಇದೆ. ಇಳಿಯಲಿ ಅಂತ ಕಾದೆ, ಇನ್ನೂ ಏರಿತು. ಫ್ಯಾನಿನ ಸದ್ದು ಎಷ್ಟು ಅಂತ ಮೂರು ವಿಡಿಯೋ ನೋಡಿದೆ. ಮೂರನೆಯದರಲ್ಲಿ ನಿದ್ದೆ ಬಂತು.

ಪಟ್ಟಿ ಹನ್ನೊಂದು.

ಜನವರಿ 25, ಭಾನುವಾರ

ನಲವತ್ತು ದಿನ ಏನೂ ಬರೆದಿಲ್ಲ. ನಮ್ಮ ರೂಸೆ ಊರಿನಲ್ಲಿ ಈ ಚಳಿಗೆ ಮನುಷ್ಯರಿಗಿಂತ ಮೊದಲು ಲಿಫ್ಟುಗಳು ಸೆಟೆದುಕೊಳ್ಳುತ್ತವೆ. ಒಂದೇ ವಾರ ಹನ್ನೊಂದು. ಮೊಣಕಾಲು ನನ್ನ ಮಾತು ಕೇಳುವುದನ್ನು ಬಿಟ್ಟಿದೆ.

ಪವರ್ ಸಪ್ಲೈ ಬಿಟ್ಟು ಎಲ್ಲ ಬಂದಿದೆ. ಅದೊಂದನ್ನು ಆರಿಸಲಾಗುತ್ತಿಲ್ಲ. ನೇದಾ ಕುರ್ಚಿ ಹಿಡಿದು ನಿಲ್ಲುತ್ತಾಳಂತೆ. ವೆಲಿಕಾ ಡಬ್ಬಗಳ ರಾಶಿ ನೋಡಿ ಬರೆದಳು: "ಕೂಸೇ ಮುಂದೆ ಹೋಗತ್ತೆ ನಿನಗಿಂತ."

ಫೆಬ್ರವರಿ 22, ಭಾನುವಾರ, ಮಧ್ಯಾಹ್ನ

ನೇದಾ ನಡೆದಳು! ಮೂರು ಹೆಜ್ಜೆ, ಸೋಫಾದಿಂದ ಒಲೆಯ ಕಡೆಗೆ. ಮುಂದಿನ ಭಾನುವಾರ ನಮ್ಮ ಮನೆಯಲ್ಲೇ ಹಬ್ಬ.

ಕೈಗೆ ಸಿಕ್ಕ ಪವರ್ ಸಪ್ಲೈ ಮೊನ್ನೆ ತಂದುಬಿಟ್ಟಿದ್ದೆ. ಇವತ್ತು ಜೋಡಿಸಿದೆ. ಮೊದಲ ಸಲಕ್ಕೇ ಎದ್ದಿತು. ಎರಡು ಡಿಸ್ಕು, ಎರಡು ಹಸಿರು ದೀಪ. ಎಷ್ಟೋ ದಿನಕ್ಕೆ ಖುಷಿಯಾಯಿತು. ವೆಲಿಕಾಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಕಾಲುಚೀಲದಿಂದ ಹಳೆಯದನ್ನು ತೆಗೆದೆ. ಸಿಕ್ಕಿಸಿದೆ.

ಟಕ್. ಟಕ್. ಟಕ್.

ಆಮೇಲೆ ಅದೂ ಇಲ್ಲ.

ಫೆಬ್ರವರಿ 24, ಮಂಗಳವಾರ

ಡಿಸ್ಕ್ ರಿಪೇರಿಯವನು ಬಿಚ್ಚಿ ತೋರಿಸಿದ. ಒಳಗಿನ ಓದುವ ತಲೆ, ತಿರುಗುವ ತಟ್ಟೆಗೆ ಅಂಟಿಕೊಂಡಿತ್ತಂತೆ. ತಿರುಗುವಾಗ ಕೆರೆದುಕೊಂಡೇ ಹೋಗಿದೆ. ಏನೂ ಸಿಗುವುದಿಲ್ಲ. ಕೊನೆಯ ಸಲ ಯಾವಾಗ ಹಾಕಿದ್ದು ಎಂದು ಕೇಳಿದ. ಹದಿನೇಳು ತಿಂಗಳಾಯಿತು ಅಂದೆ. ಅಷ್ಟು ದಿನ ಸುಮ್ಮನಿಟ್ಟರೆ ಹೀಗೇ ಅಂಟಿಕೊಳ್ಳುತ್ತದೆ ಅಂದ.

ಮೆಟೋಡಿ ಬಿಡುವವನಲ್ಲ. "ನಿಲ್ಲಿಸಿಟ್ಟ ಲಿಫ್ಟ್ ಹಾಗೇ ಹಿಡ್ಕೊಳ್ಳತ್ತೆ ಅಂತ ಹೊಸಬ್ರಿಗೆಲ್ಲ ಪಾಠ ಮಾಡ್ತೀಯ. ಅಷ್ಟೂ ಹೊಳೀಲಿಲ್ವೇನೋ?" ಅಂದ. ಆಮೇಲೆ ನನ್ನ ಮುಖ ನೋಡಿ ತಾನು ತಿನ್ನುತ್ತಿದ್ದ ಚೀಸಿನ ಬಾನಿತ್ಸಾದಲ್ಲಿ ಅರ್ಧ ಮುರಿದು ಕೊಟ್ಟ.

ಐದು ತಿಂಗಳು ಪಟ್ಟಿ ಮಾಡಿದೆ. ನಕಲು ಮಾಡಲು ಒಂದು ಸಂಜೆ ಸಾಕಿತ್ತು. ಅವಳ ದನಿಯನ್ನು ನಾನೇ ಕೊಂದೆ. ಆಪರೇಷನ್ ಮಾಡಿದವರು ಧ್ವನಿಪೆಟ್ಟಿಗೆಯನ್ನಷ್ಟೇ ತೆಗೆದಿದ್ದರು.

ವೆಲಿಕಾಗೆ ಹೇಳಿದೆ. ಏನೋ ಬರೆದಳು, ನಾನು ನೋಡುವ ಮೊದಲೇ ಒರೆಸಿದಳು. ಮತ್ತೆ ಬರೆದಳು: "ಊಟ ಮಾಡು."

ಮಾರ್ಚ್ 1, ಭಾನುವಾರ, ಸಂಜೆ 4

ಎಲ್ಲರ ಮಣಿಕಟ್ಟಿಗೂ ಮಾರ್ಚ್ ಮೊದಲ ದಿನ ಕಟ್ಟುವ ಕೆಂಪು-ಬಿಳಿ ದಾರ. ಬೆಳಿಗ್ಗೆ ವೆಲಿಕಾ ಕಟ್ಟಿದ್ದು, ನನಗೂ. ನೆಲಕ್ಕೆ ಬಿಳಿ ಬಟ್ಟೆ ಹಾಸಿ, ಮಗು ಹಿಂಬಾಲಿಸಲೆಂದು ದುಂಡು ರೊಟ್ಟಿ ಉರುಳಿಸಿದರು. ಆಚೆ ತುದಿಯ ಪುಟ್ಟ ಮೇಜಿನ ಮೇಲೆ ಪೆನ್ನು, ಕತ್ತರಿ, ಬಾಚಣಿಗೆ, ಸೌಟು. ಮಗು ನಡೆದು ಹೋಗಿ ಯಾವುದನ್ನು ಮುಟ್ಟುತ್ತದೋ ಅದೇ ಅದರ ಮುಂದಿನ ಕಸುಬು. ನನ್ನ ಪಾಲಿಗೆ ಸ್ಕ್ರೂಡ್ರೈವರ್ ಇಡು ಅಂದರು. ಮನಸ್ಸಾಗಲಿಲ್ಲ.

ನೇದಾ ನಿಂತಳು. ಕದಲಲಿಲ್ಲ. ಬಿಲ್ಯಾನಾ ಫೋನ್ ಹಿಡಿದುಕೊಂಡೇ ಕರೆದಳು, ಅಳಿಯ ಕರೆದ, ಬೀಗಿತ್ತಿ ಚಪ್ಪಾಳೆ ತಟ್ಟಿದಳು. ಗದ್ದಲಕ್ಕೆ ಕೂಸಿನ ತುಟಿ ಸೊಟ್ಟಗಾಯಿತು. ಹಾಡು ಇದ್ದಿದ್ದರೆ... ಇಲ್ಲ. ನಾನು ನೆಲ ನೋಡುತ್ತಿದ್ದೆ.

ಗುಂಯ್ ಅಂತ ಸದ್ದು. ತಲೆ ಎತ್ತಿದೆ. ವೆಲಿಕಾ. ಆ ಯಂತ್ರವನ್ನು ಗದ್ದದ ಕೆಳಗೆ ಒತ್ತಿ ಹಿಡಿದಿದ್ದಾಳೆ. ಮುಳ್ಳುಹಂದಿಯ ಟೋಪಿ. ಏರಿಳಿತವಿಲ್ಲ, ಒಂದೇ ಸಮ ತಗಡಿನ ಗುಂಯ್. ಮಾತು ಮಾತ್ರ ಒಂದೂ ತಪ್ಪಲಿಲ್ಲ. ಬೀಗಿತ್ತಿಯ ಚಪ್ಪಾಳೆ ನಿಂತಿತು. ನೇದಾ ಅವಳನ್ನು ನೋಡಿದಳು, ನಕ್ಕಳು, ಹೊರಟಳು. ಒಂಬತ್ತು ಹೆಜ್ಜೆ. ಮೇಜನ್ನು ದಾಟಿ, ಏನನ್ನೂ ಮುಟ್ಟದೆ, ಅಜ್ಜಿಯ ಕೈಲಿದ್ದ ಯಂತ್ರವನ್ನೇ ಹಿಡಿದುಕೊಂಡಳು.

ನಾನು ಅತ್ತೆ. ಎಲ್ಲರೆದುರಿಗೇ.

ವೆಲಿಕಾ ನನ್ನ ಕಡೆ ತಿರುಗಿದಳು. ಹದಿನೆಂಟು ತಿಂಗಳ ಮೇಲೆ ನನ್ನೊಡನೆ ಬಾಯಿಬಿಟ್ಟು ಆಡಿದ ಮೊದಲ ಮಾತು: "ಬಿಲ್ಯಾನಾ ರೆಕಾರ್ಡ್ ಮಾಡಿದಾಳೆ. ಹೋಗು, ಈಗ್ಲೇ ಹಾಕು. ಪಟ್ಟಿ ಮಾಡ್ತಾ ಕೂತ್ಕೋಬೇಡ."

ಸಂಜೆ 5:40

ಹಾಕಿದೆ. ಅಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಒಂದೇ ಫೈಲು. ಎರಡು ನಿಮಿಷ ಹನ್ನೊಂದು ಸೆಕೆಂಡು. ಎರಡು ಡಿಸ್ಕಿನಲ್ಲೂ ಇದೆ, ನೋಡಿದೆ. ಮೆಟೋಡಿ ಹೇಳಿದ್ದಂಥ ಸಾದಾ ಡಿಸ್ಕೊಂದನ್ನು ಈ ವಾರ ತಂದಿದ್ದೆ, ಅದಕ್ಕೂ ಹಾಕಿ ಬಿಲ್ಯಾನಾಳ ಚೀಲದಲ್ಲಿಟ್ಟೆ, ಅವಳ ಮನೆಯಲ್ಲಿರಲಿ. ಹಳೆಯದು ಯಾವುದೂ ಬರುವುದಿಲ್ಲ, ಗೊತ್ತು.

ಅಡುಗೆಮನೆಯಲ್ಲಿ ಮತ್ತೆ ಗುಂಯ್ ಅನ್ನುತ್ತಿದೆ. ನೇದಾ ನಗುತ್ತಿದ್ದಾಳೆ. ಎರಡನೆಯ ಚರಣ ಇರಬೇಕು, ಆಗ ಹಾಡಿರಲಿಲ್ಲ. ಫೋನೆಲ್ಲಿ, ಇಲ್ಲೇ ಇಟ್ಟಿದ್ದೆ —