ನಿಲ್ಲಿಸುವುದನ್ನು ಕಲಿತದ್ದು

ಅರಸೀಕೆರೆ,
ಭಾನುವಾರ, ೧೭ನೇ ನವೆಂಬರ್ ೧೯೪೬

ಪ್ರೀತಿಯ ಅನುಸೂಯ,

ಚಿರಂಜೀವಿ ಸೌಭಾಗ್ಯವತಿ ಅಂತ ಶುರುಮಾಡಿ ನಾಲ್ಕು ಸಾಲು ಆಶೀರ್ವಾದ ಬರೆಯಬೇಕಿತ್ತು. ಇವತ್ತು ಯಾಕೋ ಕೈ ಬರಲಿಲ್ಲ. ನಿಮ್ಮಪ್ಪನ ಕಣ್ಣಿಗೆ ಬಿದ್ದರೆ ಅಳಿಯ ಮರ್ಯಾದೆ ಮರೆತ ಅಂದಾರು, ಅನ್ನಲಿ. ಮೊದಲು ನಿನ್ನ ಕೈ ಹೇಗಿದೆ ಹೇಳು. ಕಟ್ಟಿದ್ದ ಬಿದಿರು ದಬ್ಬೆ ಬಿಚ್ಚಿದರು ಅಂತ ತಿಳಿಯಿತು. ಐದು ಬೆರಳೂ ಸರಿಯಾಗಿ ಮಡಚುತ್ತವೆಯೇ? ಮಣಿಕಟ್ಟು ಹೊರಳಿಸಿದರೆ ನೋಯುತ್ತದೆಯೇ? ದಿನಾ ಹರಳೆಣ್ಣೆ ಬೆಚ್ಚಗೆ ಮಾಡಿ ತಿಕ್ಕಿಸಿಕೋ, ಬಾವಿಯಿಂದ ನೀರು ಸೇದಬೇಡ, ಮುದ್ದೆ ತೊಳಸಬೇಡ. ನಿನಗೆ ಹೇಳಿ ಪ್ರಯೋಜನವಿಲ್ಲ ಅಂತ ಗೊತ್ತು. ಜ್ವರದಲ್ಲಿ ಮಲಗು ಅಂದರೆ ಎದ್ದು ಅಟ್ಟ ಗುಡಿಸಿದವಳು ನೀನು. ಆದರೂ ಹೇಳದೆ ಇರಲಾರೆ.

ನಾನು ಕ್ಷೇಮ. ಅಮ್ಮನ ಮೊಣಕಾಲು ನೋವು ಚಳಿ ಬಿದ್ದ ಮೇಲೆ ಕೊಂಚ ಹೆಚ್ಚಾಗಿದೆ, ಬಾಯಿಗೆ ಮಾತ್ರ ಏನೂ ಆಗಿಲ್ಲ. ನೀನು ಹೋದ ಮೇಲೆ ಮನೆಯಲ್ಲಿ ಸಾರು ಸಾರಾಗಿಲ್ಲ. ಮುದ್ದೆ ಕಟ್ಟುವುದರಲ್ಲಿ ಅಮ್ಮನನ್ನು ಮೀರಿಸುವವರಿಲ್ಲ, ನಿಜ. ಆದರೆ ಹುರುಳಿಕಾಳಿನ ಬಸ್ಸಾರು ನಿನ್ನ ಕೈಗೇ ಬರಬೇಕು. ಇದು ಅಮ್ಮನೇ ಆಡಿದ ಮಾತು. ನಾನು ಆಡಿದ್ದರೆ ಮೂರು ದಿನ ಮಾತು ಬಿಡುತ್ತಿದ್ದಳು. ನಿನ್ನ ಎಮ್ಮೆ ನನಗೆ ಹಾಲು ಕೊಡುವುದಿಲ್ಲ. ಕೊಂಬು ಬೀಸಿ, ಬಾಗಿಲ ಕಡೆ ನೋಡುತ್ತಾ ನಿಲ್ಲುತ್ತದೆ. ನಾನೂ ಅದೇ ಕಡೆ ನೋಡುತ್ತೇನೆ ಅಂತ ಅದಕ್ಕೆ ಹೇಗೆ ತಿಳಿಸಲಿ.

ಮಾವನವರ ಕಾಗದ ಗುರುವಾರ ಬಂತು. ಹುಡುಗಿಯ ಕೈ ವಾಸಿಯಾಗಿದೆ, ಆದರೆ ಅವಳೇ ಅರಸೀಕೆರೆಗೆ ಬರಲೊಲ್ಲೆ ಅನ್ನುತ್ತಾಳೆ, ನನ್ನಿಂದ ಅವರಿಗೆ ಪೆಟ್ಟಾಯಿತು, ನನ್ನ ಕಾಲ್ಗುಣವೇ ಸರಿಯಿಲ್ಲ ಅಂತ ಅಳುತ್ತಾಳೆ, ನಾವೂ ಬಲವಂತ ಮಾಡುವುದಿಲ್ಲ ಎಂದು ಬರೆದಿದ್ದಾರೆ. ಓದಿದ ಮೇಲೆ ಸಾಹುಕಾರರ ಮಂಡಿಯಲ್ಲಿ ಕೊಬ್ಬರಿ ಆರಿಸಲು ಕೂತರೆ ಒಳ್ಳೆಯದೂ ಕೆಟ್ಟದ್ದೂ ಒಂದೇ ಆಗಿ ಕಂಡಿತು. ನೀನು ಬರದಿದ್ದರೆ ಈ ಮನೆಯಲ್ಲಿ ನಾನಿದ್ದು ಏನು ಮಾಡಲಿ? ದೀಪಾವಳಿಗೆ ಕರೆದರೂ ನಾನು ಬರಲಿಲ್ಲ ಅಂತ ನಿನಗೆ ಕೋಪ ಇರಬಹುದು. ಬರದೆ ಇದ್ದದ್ದಕ್ಕೆ ಕಾರಣವಿದೆ. ಅದನ್ನು ಹೇಳಲೆಂದೇ ಈ ಕಾಗದ ಹಿಡಿದು ಕೂತಿದ್ದೇನೆ.

ಗೌರಿ ಹಬ್ಬದ ಹಿಂದಿನ ದಿನ ನಿನ್ನನ್ನು ತವರಿಗೆ ಕರೆದುಕೊಂಡು ಹೊರಟಾಗ ಆ ಮೋಟಾರ್ ಸೈಕಲ್ಲು ನಮ್ಮ ಮನೆ ಮುಂದೆ ಬಂದು ಒಂಬತ್ತು ದಿನ ಆಗಿತ್ತು. ಸಾಹುಕಾರರು ಮಿಲಿಟರಿ ಹರಾಜಿನಲ್ಲಿ ಹಿಡಿದು, ಇನ್ನು ಎತ್ತಿನ ಗಾಡಿ ಸಾಕು, ಇದರಲ್ಲಿ ಹಳ್ಳಿಹಳ್ಳಿ ತಿರುಗಿ ಕಾಯಿ ನೋಡಿಕೊಂಡು ಬಾ ಅಂತ ನನ್ನ ಕೈಗೆ ಕೊಟ್ಟರು. ಒಂಬತ್ತು ದಿನದಲ್ಲಿ ನಾನು ಕಲಿತದ್ದು ಹೊರಡುವುದನ್ನು ಮಾತ್ರ. ಹಳೇಬೀಡಿನಲ್ಲಿ ಎಲ್ಲರೂ ನಿಂತು ನೋಡಿದರು ಅಂತ ನನಗೆ ಎಷ್ಟು ಜಂಬ! ಬಸ್ತಿಹಳ್ಳಿ ದಾಟಿದ ಮೇಲೆ ಕುರಿಮಂದೆ ಅಡ್ಡ ಬಂತು, ಗಾಡಿ ಒಂದೇ ಏಟಿಗೆ ಹಾರಿತು, ನಾನು ಮೈ ತರಚಿಕೊಂಡು ರಾಗಿ ಹೊಲದ ಬದುವಿನ ಮೇಲೆ, ನೀನು ಕೈ ಮುರಿದುಕೊಂಡು ಮೋರಿಯ ಕಲ್ಲಿನ ಮೇಲೆ. ಕುರಿ ಒಂದಕ್ಕೂ ಏನೂ ಆಗಲಿಲ್ಲ. ಓಡಿಬಂದವರು "ಹೆಂಗಸ್ರು ಒಂದೇ ಮಗ್ಗುಲಿಗೆ ಕಾಲು ಬಿಟ್ಕಂಡು ಕೂತ್ರೆ ಇನ್ನೇನಾದಾತು" ಅಂದರು. ಬೇಲೂರಿನಲ್ಲಿ ಮಾವನವರು ಕೇಳಿದಾಗ ನಾನೂ "ಹಿಂದೆ ಅಲ್ಲಾಡಿಬಿಟ್ಟಳು" ಅಂದೆ. ನೀನು ಆ ನೋವಿನಲ್ಲೂ "ಹೌದಪ್ಪಾ, ಕುರಿ ಕಂಡು ಹೆದರ್ಕೊಂಡೆ, ನಾನೇ ಅಲ್ಲಾಡಿದ್ದು" ಅಂದೆ. ಇಲ್ಲಿಗೆ ಬಂದು ನಾನು ಅಮ್ಮನಿಗೂ ಅದನ್ನೇ ಹೇಳಿದೆ. ಅವಳು ಬೀದಿಗೆಲ್ಲ ಹೇಳಿದಳು.

ಆಮೇಲೆ ಒಂದು ತಿಂಗಳು ಗಾಡಿ ಮುಟ್ಟಲಿಲ್ಲ. ನಮ್ಮ ಬೀದಿ ಕೊನೆಯ ಮನೆಯ ಜವರಣ್ಣ ದಂಡಿನಿಂದ ಊರಿಗೆ ಬಂದಿರುವುದು ನಿನಗೆ ಗೊತ್ತಿಲ್ಲ. ಯುದ್ಧದಲ್ಲಿ ಮೂರು ವರ್ಷ, ಬರ್ಮಾದ ಕೆಸರಿನಲ್ಲಿ ಮೋಟಾರ್ ಸೈಕಲ್ ಮೇಲೆ ದಂಡಿನ ಟಪಾಲು ಸಾಗಿಸಿದವನು. ಎಡಗಿವಿ ಕೇಳಿಸದು, ಆದ್ದರಿಂದ ಪಕ್ಕದಲ್ಲಿದ್ದವರ ಜೊತೆಗೂ ಕೂಗಿಯೇ ಮಾತಾಡುತ್ತಾನೆ. ನನ್ನ ಕಥೆ ಕೇಳಿ, ಬೀದಿಗೆಲ್ಲ ಕೇಳುವ ಹಾಗೆ "ಒಂಬತ್ತು ದಿನ್ದಾಗೆ ಹೆಂಡ್ತಿನ ಕೂರಿಸ್ಕಂಡು ಹೊಂಟ್ಯೇನ್ಲಾ? ನಿನ್ನ ಪುಣ್ಯ, ಕೈ ಮುರೀತು ಅಷ್ಟೇಯ. ನಾಳಿಂದ ಸಂತೆ ಮೈದಾನಕ್ಕೆ ಬಾ. ನಾ ಹೇಳಿದ್ದು ಮಾಡ್ಬೇಕು, ಯಾಕೆ ಅನ್ನಂಗಿಲ್ಲ" ಅಂದ. ನನಗೂ ನಿನ್ನ ಮುಂದೆ ಬರಲು ಒಂದು ಮುಖ ಬೇಕಿತ್ತು. ಮಾರನೆಯ ದಿನ ಬೆಳಿಗ್ಗೆ ಮಂಡಿ ಬಾಗಿಲು ತೆಗೆಯುವ ಮುಂಚೆಯೇ ಹೋದೆ. ಅವತ್ತಿನಿಂದ ಇವತ್ತಿಗೆ ಏಳು ವಾರ.

ಮೊದಲ ವಾರ ಇಂಜಿನ್ ಶುರುಮಾಡಲಿಕ್ಕೇ ಬಿಡಲಿಲ್ಲ. ಪೆಟ್ರೋಲಿಗೆ ಕೂಪನ್ನು ಬೇರೆ, ಸಿಗುವುದೇ ಅಷ್ಟಿಷ್ಟು. ಗಾಡಿಯನ್ನು ಹಿಡಿದು ತಳ್ಳಿಕೊಂಡು ಮೈದಾನ ಸುತ್ತಬೇಕು. ಎಡಕ್ಕೆ ಇಪ್ಪತ್ತು ಸುತ್ತು, ಬಲಕ್ಕೆ ಇಪ್ಪತ್ತು ಸುತ್ತು. ಅದರ ಭಾರ ಯಾವ ಕಡೆ ವಾಲುತ್ತದೆ ಅಂತ ಸೊಂಟಕ್ಕೆ ತಿಳಿಯಬೇಕಂತೆ. ಸೊಪ್ಪು ಮಾರುವ ಗಿಡ್ಡಮ್ಮ ದಿನಾ ಆ ದಾರಿಯಲ್ಲೇ ಹೋಗುವವಳು, ದಿನಾ ನಿಂತು "ಪಾಪ, ಹೊಸಾದು, ಆಗ್ಲೇ ಕೆಟ್ಟೋಯ್ತಾ?" ಅಂತ ಕೇಳುವಳು. ಐದನೇ ದಿನ ಜವರಣ್ಣ "ಕೆಟ್ಟಿರಾದು ಗಾಡಿ ಅಲ್ಲ ಕಣವ್ವಾ" ಅಂದ. ಆಮೇಲೆ ಅವಳು ಕೇಳಲಿಲ್ಲ, ನನ್ನನ್ನು ಕಂಡರೆ ಎರಡು ಹಿಡಿ ಸೊಪ್ಪು ಹೆಚ್ಚಿಗೆ ಕೊಡುತ್ತಾಳೆ. ಬಡಪಾಯಿ ಅಂದುಕೊಂಡಿದ್ದಾಳೆ.

ಎರಡನೆಯ ವಾರ ತೆಂಗಿನ ಮಟ್ಟೆಯ ಎರಡು ರಾಶಿ ಹಾಕಿ, ಅವುಗಳ ನಡುವೆ ಎಂಟು ಬರೆದ ಹಾಗೆ ಸುತ್ತು ಅಂದ. ನಾನು ಸುತ್ತಿದೆ. ಅವನು ತಲೆ ಚಚ್ಚಿಕೊಂಡ. ಅವನ ಮನಸ್ಸಿನಲ್ಲಿದ್ದದ್ದು ಇಂಗ್ಲಿಷಿನ ಎಂಟು, ಮಂಡಿ ಗುಮಾಸ್ತನಾದ ನಾನು ಬರೆದದ್ದು ನಮ್ಮ ಎಂಟು. ನಗಬೇಡ, ಮೂರನೆಯ ದಿನದ ಹೊತ್ತಿಗೆ ಎರಡು ಭಾಷೆಯಲ್ಲೂ ಸುತ್ತಿದೆ. ಅದಾದ ಮೇಲೆ ನಿಧಾನವಾಗಿ ಓಡಿಸುವ ಪಾಠ. ನಮ್ಮದೇ ಎತ್ತಿನ ಗಾಡಿಯನ್ನು ಜವರಣ್ಣ ಹೊಡೆಯುವುದು, ನಾನು ಅದರ ಪಕ್ಕದಲ್ಲೇ ಎತ್ತಿನ ನಡಿಗೆಯಲ್ಲಿ, ಕಾಲು ನೆಲಕ್ಕೆ ತಾಗಿಸದೆ ಮೈದಾನದ ಆ ತುದಿಯಿಂದ ಈ ತುದಿಗೆ ಬರುವುದು. ಜೋರಾಗಿ ಹೋಗುವುದು ಮಹಾ ಸುಲಭ ಕಣೇ, ಕತ್ತೆಯೂ ಹೋಗುತ್ತದೆ. ನಿಧಾನಕ್ಕೆ ಹೋಗುವಾಗ ಬೆವರು ಹರಿಯುತ್ತದೆ. ನಮ್ಮ ಎಡಗಡೆಯ ಎತ್ತು ಅಷ್ಟು ದಿನವೂ ನನ್ನನ್ನು ಓರೆಗಣ್ಣಿನಿಂದ ನೋಡುತ್ತಲೇ ನಡೆಯಿತು.

ನಾಲ್ಕನೆಯ ವಾರ ನಿಲ್ಲಿಸುವ ಪಾಠ. ಮೈದಾನಕ್ಕೆ ಅಡ್ಡಲಾಗಿ ಸುಣ್ಣದ ಗೆರೆ ಎಳೆದ. ದೂರದಿಂದ ಬಂದು, ಅವನು ಕೈ ತಟ್ಟಿದ ಕೂಡಲೇ ಮುಂದಿನ ಚಕ್ರ ಗೆರೆಯ ಮೇಲೆ ನಿಲ್ಲಬೇಕು. ಮೊದಲ ಸಲ ಗೆರೆ ದಾಟಿ ಇಪ್ಪತ್ತು ಅಡಿ ಹಾರಿ ಮಟ್ಟೆಯ ರಾಶಿಗೆ ನುಗ್ಗಿದೆ. ಎರಡನೆಯ ಸಲವೂ ಅಷ್ಟೇ. ಜವರಣ್ಣ ಬೀಡಿ ಎಸೆದು ಎದ್ದು ಬಂದ. "ಏನ್ಲಾ ಧರ್ಮ, ಈಗ ಬಾಯಲ್ಲಿ ಏನಂದೆ?" ನಾನು ಏನೂ ಅನ್ನಲಿಲ್ಲ ಅಂದೆ. "ಅಂದೆ. ಹೋ ಹೋ ಅಂದೆ. ಎರಡು ಕೈಯ್ಯೂ ಎದೆಗೆ ಎಳ್ಕಂಡೆ. ಅದೇನು ಎತ್ತೇನ್ಲಾ, ಹಗ್ಗ ಎಳುದ್ರೆ ನಿಲ್ಲಾಕೆ?" ಅಂದ.

ನಿನಗೆ ಬಿಡಿಸಿ ಹೇಳುತ್ತೇನೆ. ಆ ಗಾಡಿಯ ಬಲಗೈ ಹಿಡಿ ಇದೆಯಲ್ಲ, ಅದನ್ನು ನಮ್ಮ ಕಡೆಗೆ ತಿರುಗಿಸಿದರೆ ಇಂಜಿನ್ನಿಗೆ ಪೆಟ್ರೋಲು ಹೆಚ್ಚಾಗಿ ನುಗ್ಗುತ್ತದೆ, ಗಾಡಿ ಓಡುತ್ತದೆ. ಅದನ್ನೇ ಮೂಗುದಾರದ ಹಗ್ಗ ಅಂದುಕೊಂಡು ಎಳೆದರೆ ನಿಲ್ಲುವುದು ಹಾಗಿರಲಿ, ಹುಲಿ ಕಂಡ ಹಾಗೆ ಹಾರುತ್ತದೆ. ಹನ್ನೆರಡನೆಯ ವಯಸ್ಸಿನಿಂದ ಅಪ್ಪನ ಗಾಡಿ ಹೊಡೆದ ಕೈ ನನ್ನದು. ತಲೆಗೆ ಎಲ್ಲ ಗೊತ್ತು, ಹೆದರಿದಾಗ ಕೈ ಅಪ್ಪನ ಮಾತನ್ನೇ ಕೇಳುತ್ತದೆ. ಕೈಗೆ ಅದನ್ನು ಮರೆಸಲು ಎರಡು ವಾರ ಹಿಡಿಯಿತು. ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಇಂಜಿನ್ ಇಲ್ಲದೆ, ಕಣ್ಣು ಮುಚ್ಚಿ ಕೂರಬೇಕು. ಅವನು "ಕುರಿ!" ಅಂತ ಕಿರುಚುವನು. ತಕ್ಷಣ ಬಲಗೈ ಹಿಡಿಯನ್ನು ಮುಂದಕ್ಕೆ ತಿರುಗಿಸಬೇಕು, ಎಡಗೈಯಲ್ಲಿ ಕ್ಲಚ್ಚು ಹಿಡಿಯಬೇಕು, ಕಾಲಿನಲ್ಲಿ ಬ್ರೇಕು ಒತ್ತಬೇಕು. ದಿನಕ್ಕೆ ನೂರು ಸಲ. ಮನೆಯಲ್ಲೂ ಬಿಡಲಿಲ್ಲ. ಊಟವಾದ ಮೇಲೆ ಒನಕೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ನಾನೇ ಕುರಿ ಅಂತ ಕೂಗಿ, ನಾನೇ ಒನಕೆ ತಿರುವಿ ಕಾಲು ಒತ್ತುತ್ತಿದ್ದೆ. ಅಮ್ಮ ಎರಡು ದಿನ ಸುಮ್ಮನೆ ನೋಡಿ, ಮೂರನೆಯ ದಿನ ಮಾಲೇಕಲ್ಲು ವೆಂಕಟರಮಣನಿಗೆ ಮುಡಿಪು ಕಟ್ಟಿದಳು. "ಹೆಂಡ್ತಿ ಹೋದ್ಲು ಅಂತ ಹುಡುಗನ ತಲೆ ಕೆಟ್ಟದೆ" ಅಂತ ಪಕ್ಕದ ಮನೆಯವರಿಗೆ ಹೇಳಿದಳಂತೆ. ಪೂರ್ತಿ ಸುಳ್ಳೂ ಅಲ್ಲ.

ಆರನೆಯ ವಾರ ಗೆರೆಯ ಮೇಲೆ ನಿಂತೆ. ಆಮೇಲೆ ಹಿಂದಿನ ಸೀಟಿಗೆ ತೆಂಗಿನಕಾಯಿ ಮೂಟೆ ಕಟ್ಟಿ ನಿಲ್ಲಿಸಬೇಕಾಯಿತು. ನಿನ್ನ ಜಾಗದಲ್ಲಿ ಮೂಟೆ ಕೂರಿಸಿದೆ ಅಂತ ಸಿಟ್ಟಾಗಬೇಡ, ಅದು ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ, ನನಗೆ ಬೇಸರವೇ ಬಂತು. ಕಡೆಗೆ ಈ ವಾರ ಜವರಣ್ಣ ತಾನೇ ಹಿಂದೆ ಕೂತ. "ನಾ ಏನ್ ಮಾಡುದ್ರೂ ತಿರುಗಿ ನೋಡ್ಬೇಡ" ಅಂದ. ಎಡಕ್ಕೆ ಬಲಕ್ಕೆ ತೂಗಾಡಿದ, ಎದ್ದೆದ್ದು ಕೂತ, ಎರಡು ಕಾಲನ್ನೂ ಒಂದೇ ಮಗ್ಗುಲಿಗೆ ಇಳಿಬಿಟ್ಟು ಹೆಂಗಸರ ಹಾಗೂ ಕೂತ, ಕೈ ತಟ್ಟುವ ಬದಲು ಕಿವಿಯ ಹತ್ತಿರ ಕಿರುಚಿದ. ಗಾಡಿ ತುಸು ಓಲಾಡಿತು, ಬೀಳಲಿಲ್ಲ. ಹದಿನೇಳು ಸಲ ಹಾಗೆ ಮಾಡಿದ, ಹದಿನೇಳು ಸಲವೂ ಗೆರೆಯ ಮೇಲೇ ನಿಂತಿತು. ಅವನು ಇಳಿದು ಬೀಡಿ ಹಚ್ಚಿ ನನ್ನ ಮುಖವನ್ನೇ ನೋಡಿದ. ನಾನು ನೆಲ ನೋಡಿದೆ. "ಈಗ ಹೆಂಡ್ತಿನ ಕರ್ಕಂಡ್ ಬಾ ಹೋಗು" ಅಂದು ಮನೆಗೆ ಹೋದ.

ಮುಂದಿನ ಭಾನುವಾರ ಬೇಲೂರಿಗೆ ಬರುತ್ತೇನೆ. ನಿನ್ನನ್ನು ಗಾಡಿ ಹತ್ತು ಅಂತ ಕೇಳುವುದಿಲ್ಲ. ಬಸ್ಸಿನಲ್ಲಾದರೆ ಬರುತ್ತೇನೆ ಅಂದರೆ ಗಾಡಿಯನ್ನು ನಿಮ್ಮ ಹಿತ್ತಲಲ್ಲೇ ಬಿಟ್ಟು ನಾನೂ ನಿನ್ನ ಪಕ್ಕದಲ್ಲಿ ಬಸ್ಸಿನಲ್ಲಿ ಕೂರುತ್ತೇನೆ. ಈಗ ಬರುವುದೇ ಇಲ್ಲ ಅಂದರೆ ಒಂದು ಲೋಟ ಕಾಫಿ ಕುಡಿದು ಒಬ್ಬನೇ ಹಿಂದಿರುಗಿ, ಅದರ ಮುಂದಿನ ಭಾನುವಾರ ಮತ್ತೆ ಬರುತ್ತೇನೆ. ದಾರಿ ಗೊತ್ತಿದೆ, ನಿಲ್ಲಿಸುವುದೂ ಗೊತ್ತಿದೆ. ನೀನಿಲ್ಲದೆ ನನಗೆ ಆಗುವುದಿಲ್ಲ ಅನುಸೂಯ. ಇದನ್ನು ಎದುರಿಗೆ ಹೇಳಲು ನಾಚಿಕೆ, ಕಾಗದದಲ್ಲಿ ಅಷ್ಟು ನಾಚಿಕೆಯಿಲ್ಲ.

ಮಾವನವರಿಗೂ ಅತ್ತೆಯವರಿಗೂ ನನ್ನ ನಮಸ್ಕಾರ ತಿಳಿಸು. ಅಮ್ಮ ನಿನಗೆ ಆಶೀರ್ವಾದ ಹೇಳಿ, ಹಸಿ ಅರಿಶಿನ ಇಟ್ಟಿದ್ದೇನೆ, ಒಣಗುವುದರೊಳಗೆ ಬರಲಿ ಅಂದಳು.

ನಿನ್ನವನೇ ಆದ,
ಧರ್ಮಪ್ಪ

ಮರೆತ ಮಾತು: ಸ್ಟೇಷನ್ನಿನ ಟಪಾಲು ಡಬ್ಬ ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಮರೆತದ್ದಲ್ಲ, ಇಷ್ಟು ಹೊತ್ತೂ ಬರೆಯಲು ಧೈರ್ಯ ಬರಲಿಲ್ಲ. ಅವತ್ತು ನೀನು ಅಲ್ಲಾಡಲಿಲ್ಲ. ಕುರಿಮಂದೆ ಕಂಡು ಹೋ ಹೋ ಅಂತ ಎಳೆದವನು ನಾನು, ಬೀಳಿಸಿದವನು ನಾನು. ಜವರಣ್ಣ ತೋರಿಸಿಕೊಡುವ ತನಕ ನನಗೇ ತಿಳಿದಿರಲಿಲ್ಲ ಅಂತ ಬರೆದರೆ ನೀನು ನಂಬುತ್ತೀಯೆ, ಆದರೆ ಅದು ಅರ್ಧ ನಿಜ. ಗಾಡಿ ಯಾಕೆ ಹಾರಿತು ಅಂತ ತಿಳಿದಿರಲಿಲ್ಲ. ನೀನು ಅಲ್ಲಾಡಲಿಲ್ಲ ಅಂತ ಅವತ್ತೇ ತಿಳಿದಿತ್ತು. ಊರು ದಾಟಿದ ಮೇಲೆ ನೀನು ನನ್ನ ಭುಜದ ಮೇಲೆ ಕೈ ಇಟ್ಟಿದ್ದೆ, ಬೀಳುವ ತನಕ ಆ ಕೈ ಒಂದಿಷ್ಟೂ ಕದಲಲಿಲ್ಲ. ಅದು ಗೊತ್ತಿದ್ದೂ ನಿಮ್ಮಪ್ಪನ ಮುಂದೆ ನಿನ್ನ ಮೇಲೆ ಹಾಕಿದೆ. ನೀನು ನನ್ನ ಮಾನ ಉಳಿಸಲು ಹೌದು ಅಂದೆಯೋ, ನನ್ನ ಮಾತನ್ನೇ ನಂಬಿ ಹೌದು ಅಂದೆಯೋ, ಯಾವುದಾದರೂ ನನಗೆ ನಾಚಿಕೆಯೇ. ಅಮ್ಮನಿಗೆ ಇವತ್ತು ಬೆಳಿಗ್ಗೆ ಹೇಳಿದೆ. ಕೈಯಲ್ಲಿದ್ದ ಪೊರಕೆಯನ್ನು ನನ್ನ ಮೇಲೆ ಎಸೆದು ಒಳಗೆ ಹೋಗಿ ಅತ್ತಳು. ಮಾವನವರಿಗೂ ಇದನ್ನೇ ಬೇರೆಯಾಗಿ ಬರೆದಿದ್ದೇನೆ, ಕವರಿನಲ್ಲಲ್ಲ, ಕಾರ್ಡಿನಲ್ಲಿ. ನಿಮ್ಮ ಬೀದಿಯ ಪೋಸ್ಟ್‌ಮ್ಯಾನ್ ಚಿಕ್ಕಣ್ಣ ಕಾರ್ಡು ಸಿಕ್ಕರೆ ಜಗಲಿ ಜಗಲಿಗೂ ಓದಿ ಹೇಳಿಯೇ ಮನೆಗೆ ತರುತ್ತಾನಲ್ಲ, ಈ ಸಲ ಓದಲಿ. ಅವನಿಗೆ ಸಲೀಸಾಗಲಿ ಅಂತ ಅಕ್ಷರ ದಪ್ಪಗೆ ಬರೆದಿದ್ದೇನೆ.