ರಾಜನ ಮನೆಯಲ್ಲಿ ನಿಮ್ಮ ಮಗಳ ದನಿ

ಗ್ರಾನಾದಾ
ಆಗಸ್ಟ್ 6, 2003

ಸೆಫೆರಿನೋ ಅವರಿಗೆ,

ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ನಿಮ್ಮ ಸಿಟ್ಟನ್ನೂ ಇನ್ನು ಅವನೇ ನೋಡಿಕೊಳ್ಳಲಿ, ಮದುವೆಯಾದಾಗಿನಿಂದ ನಾನು ನೋಡಿಕೊಂಡದ್ದು ಸಾಕು.

ಹೊರಡುವ ಮುಂಚೆ ಕಡಲೆ ನೆನೆಹಾಕಿ ಬಂದಿದ್ದೆ. ನೀವು ಒಲೆ ಹಚ್ಚಿರುವುದಿಲ್ಲ, ಈಗ ಅದು ಮೊಳಕೆ ಒಡೆದು ಕೂತಿರುತ್ತದೆ. ಕೋಳಿಗಳಿಗೆ ಹಾಕಿ. ಚರ್ಚಿನ ದೇವಮಾತೆಯ ಮೇಲುಹೊದಿಕೆಗೆ ಜರಿದಾರ ತರುತ್ತೇನೆ ಅಂತ ಹೇಳಿ ಬಸ್ಸು ಹತ್ತಿದೆನಲ್ಲ, ಅದು ಸುಳ್ಳಲ್ಲ. ದಾರ ನನ್ನ ಚೀಲದಲ್ಲಿದೆ. ಮಿಕ್ಕದ್ದನ್ನು ಹೇಳಿರಲಿಲ್ಲ, ಅಷ್ಟೇ. ಈಗ ಹೇಳುತ್ತೇನೆ. ಕೂತುಕೊಂಡು ಓದಿ.

ಭಕ್ತರ ಸಂಘದಲ್ಲಿ ನೀವು ಮಾಡಿದ ತೀರ್ಮಾನ ನನಗೆ ಗೊತ್ತಾದದ್ದು ಸಂಘದ ಹಿರಿಯರಾದ ನಿಮ್ಮ ಬಾಯಿಂದಲ್ಲ. ನಿಮ್ಮ ತಂಗಿ ಒಬ್ದುಲಿಯಾ ಬ್ರೆಡ್ ಅಂಗಡಿಯ ಸಾಲಿನಲ್ಲಿ, ಎಲ್ಲರ ಮುಂದೆ ಹೇಳಿದಳು: "ಅತ್ತಿಗೆ, ಈ ಸಲ ಹಬ್ಬಕ್ಕೆ ದೇವಮಾತೆಗೆ ಬಟ್ಟೆ ತೊಡಿಸೋದು ನಾನಂತೆ. ಅಣ್ಣ ಹೇಳಿದ. ಬೇಜಾರು ಮಾಡ್ಕೋಬೇಡಿ, ಮದುವೆ ಇಲ್ದೆ ಒಬ್ಬ ಮೋರೋ ಜೊತೆ, ಮುಸಲ್ಮಾನನ ಜೊತೆ ಸಂಸಾರ ಮಾಡೋಳ ತಾಯಿ ಅವಳನ್ನ ಮುಟ್ಟೋದು ಚೆನ್ನಾಗಿರಲ್ಲ ಅಂತ ಜನ ಆಡ್ಕೋತಾರೆ." ಯಾವ ಜನ ಅಂತ ಕೇಳಿದೆ. ಬ್ರೆಡ್ಡಿನ ತುದಿ ಮುರಿದು ಬಾಯಿಗೆ ಹಾಕಿಕೊಂಡಳು.

ಅವಳಿಗೆ ಬಟ್ಟೆ ತೊಡಿಸಿದ್ದು ನನ್ನ ಅಜ್ಜಿ, ಆಮೇಲೆ ಅಮ್ಮ, ಆಮೇಲೆ ನಾನು. ನನ್ನ ನಂತರ ನಮ್ಮ ಮಗಳು ರೆಮೆ ಅಂತ ಇಡೀ ಊರಿಗೆ ಗೊತ್ತಿತ್ತು. ಅವಳು ಹಾಲುಹಲ್ಲು ಬೀಳುವ ಕಾಲದಿಂದ ಗುಂಡುಸೂಜಿಯ ಬಟ್ಟಲು ಹಿಡಿದು ನನ್ನ ಪಕ್ಕ ನಿಂತವಳು. ಸೂಜಿ ದೇವಮಾತೆಗೆ ಚುಚ್ಚೀತು ಅಂತ ಆ ಮರದ ಮೈಗೂ ಸೂಜಿಗೂ ನಡುವೆ ತನ್ನ ಬೆರಳು ಅಡ್ಡ ಇಡುತ್ತಿದ್ದಳು. ಎಷ್ಟು ಸಲ ಅವಳ ಬೆರಳಿನ ರಕ್ತ ಒರೆಸಿದ್ದೇನೋ. ಅಂಥ ಬೆರಳು ಮೈಲಿಗೆಯಂತೆ, ಒಬ್ದುಲಿಯಾಳ ನಾಲಿಗೆ ಮಡಿಯಂತೆ.

ಆ ಮೋರೋ ಹುಡುಗ ಇದ್ರಿಸ್‌ನ ವಿಷಯ ರೆಮೆ ತಿಳಿಸಿದ ದಿನ ನೀವು ಮೇಜು ಗುದ್ದಿ ಅಂದದ್ದು ನೆನಪಿದೆಯೇ? "ಇನ್ಮೇಲೆ ಈ ಮನೇಲಿ ಅವಳ ದನಿ ಕೇಳಿಸ್ಕೂಡದು." ಕೇಳಿಸಲಿಲ್ಲ. ಫೋನು ಬಂದರೆ ನೀವೇ ಎತ್ತಿ ಇಟ್ಟಿರಿ. ಮೂರು ವರ್ಷ ನಾನು ಜಪಮಾಲೆ ಹಿಡಿದು ಸುಮ್ಮನಿದ್ದೆ, ಅದನ್ನು ನೀವು ಒಪ್ಪಿಗೆ ಅಂದುಕೊಂಡಿರಿ.

ಈ ಬೇಸಿಗೆಯ ಶುರುವಿನಲ್ಲಿ ಪಕ್ಕದ ಮನೆ ವಿಸಿ, ಇಲ್ಲಿನ ಮೋರೋ ರಾಜರ ಹಳೇ ಅರಮನೆ ಅಲ್ಹಾಂಬ್ರಾ ನೋಡಿ ಬಂದವಳು, ಚೀಲ ಕೂಡ ಕೆಳಗಿಡದೆ ನಮ್ಮ ಬಾಗಿಲಿಗೆ ಓಡಿ ಬಂದಳು. "ವಿರ್ತೂದೆಸ್, ನಿನ್ನ ಮಗಳು ಬೆಳಿಗ್ಗೆಯೆಲ್ಲಾ ನನ್ನ ಕಿವೀಲೇ ಕೂತಿದ್ಲಲ್ಲೇ! ಅರಮನೇಲಿ ಒಂದು ಕರೀ ಡಬ್ಬಿ ಕೊಡ್ತಾರೆ, ನಂಬರು ಒತ್ತಿ ಕಿವಿಗಿಟ್ರೆ ಅಲ್ಲಿನ ಕತೆ ಹೇಳತ್ತೆ. ಹೇಳೋದು ನಮ್ಮ ರೆಮೆನೇ ಕಣೇ!" ಅದು ನಿಮಗೂ ಕೇಳಿಸಿತು. ನೀವು ರೇಡಿಯೋದ ದನಿ ಜೋರು ಮಾಡಿದಿರಿ.

ನಿನ್ನೆ ನಾನೂ ವಿಸಿಯೂ ಅಲ್ಲಿಗೆ ಹೋದೆವು. ಗುರುತಿನ ಚೀಟಿ ಒತ್ತೆ ಇಟ್ಟರೆ ಡಬ್ಬಿ ಕೊಡುತ್ತಾರೆ. ಯಾವ ಭಾಷೆ ಬೇಕು ಅಂತ ಕೌಂಟರಿನ ಹುಡುಗಿ ಕೇಳಿದಳು. ನನ್ನ ಮಗಳು ಯಾವುದರಲ್ಲಿ ಮಾತಾಡ್ತಾಳೋ ಅದು ಅಂದೆ. ಹುಡುಗಿ ಕಣ್ಣು ಕಣ್ಣು ಬಿಟ್ಟಳು.

ಸೆಫೆರಿನೋ, ಗುಂಡಿ ಒತ್ತಿದೆ, ಅವಳು ಬಂದಳು. ಸ್ವಲ್ಪ ಗತ್ತಿನ ಮಾತು, ಪಟ್ಟಣದ ಮಾತು, ಆದರೆ ಅವಳೇ. ಎಡಕ್ಕೆ ನೋಡಿ ಅಂದಳು, ನೋಡಿದೆ. ತಲೆ ಎತ್ತಿ ಅಂದಳು, ಎತ್ತಿದೆ. ಇಷ್ಟು ವಿಧೇಯಳಾಗಿ ನಾನು ನಿಮ್ಮ ಮಾತನ್ನೂ ಯಾವತ್ತೂ ಕೇಳಿದವಳಲ್ಲ. ಹಸಿರು ಬೇಲಿಯ ಉದ್ದನೆಯ ಕೊಳದ ಹತ್ತಿರ ಒಂದೇ ನಂಬರನ್ನು ಮತ್ತೆ ಮತ್ತೆ ಒತ್ತುತ್ತಾ ನಿಂತುಬಿಟ್ಟೆ. "ಏ, ಮುಂದೆ ನಡಿಯೇ, ಕೊಳ ಎಲ್ಲೂ ಓಡಿಹೋಗಲ್ಲ" ಅಂದಳು ವಿಸಿ. ಓಡಿಹೋದದ್ದು ಈಗ ಸಿಕ್ಕಿದೆ, ಬಾಯಿ ಮುಚ್ಚು ಅಂದೆ.

ಆ ಗೋಡೆಗಳ ಮೇಲೆಲ್ಲಾ ಮೋರೋಗಳ ಅರಬ್ಬಿ ಲಿಪಿಯಲ್ಲಿ ಒಂದೇ ಮಾತು ಬರೆದಿದೆಯಂತೆ, ನೂರಾರು ಸಲ: ದೇವರ ಹೊರತು ಗೆಲ್ಲುವವರು ಯಾರೂ ಇಲ್ಲ. ರೆಮೆ ಅದನ್ನು ಓದಿ ಹೇಳಿದಾಗ ನಾನು ಅಲ್ಲೇ ಶಿಲುಬೆಯ ಗುರುತು ಹಾಕಿಕೊಂಡೆ. ಇದೇ ಮಾತನ್ನು ನಮ್ಮ ಪಾದ್ರಿ ಹಿಲಾರಿಯೋ ಪೀಠದಿಂದ ಹೇಳಿದ್ದರೆ ನಾನು ಆಮೆನ್ ಅನ್ನುತ್ತಿದ್ದೆ, ನೀವೂ ಅನ್ನುತ್ತಿದ್ದಿರಿ. ಗೋಡೆ ಹೇಳಿದರೆ ಯಾಕೆ ಅನ್ನಬಾರದು?

ಮೇಲಿನ ತೋಟಕ್ಕೆ ಹತ್ತಿದ ಮೇಲೆ ಏನೋ ಬೇರೆ ಅನ್ನಿಸಿತು. ಕಾಲುವೆಯ ಎರಡೂ ಬದಿಯಿಂದ ನೀರು ಚಿಮ್ಮುವ ಜಾಗ. ಅಲ್ಲಿ ಅವಳ ದನಿ ವಾಕ್ಯದ ನಡುವೆ ತಡೆಯುತ್ತದೆ, ಉಸಿರು ತೆಗೆದುಕೊಳ್ಳುತ್ತದೆ, ಮತ್ತೆ ಮುಂದಕ್ಕೆ ಹೋಗುತ್ತದೆ. ಚಿಕ್ಕಂದಿನಲ್ಲಿ ಚರ್ಚಿನಲ್ಲಿ ವಾಚನ ಓದುವಾಗ ಒಂದೇ ಉಸಿರಿಗೆ ಮುಗಿಸುತ್ತಿದ್ದ ಹುಡುಗಿ ಅವಳು. ನಿಮಗೆ ಆ ಉಸಿರು ಏನೂ ಹೇಳುತ್ತಿರಲಿಲ್ಲ. ನಾಲ್ಕು ಹೆತ್ತ ನನಗೆ ಹೇಳಿತು. ಡಬ್ಬಿ ವಾಪಸು ಕೊಟ್ಟೆ, ವಿಸಿಯನ್ನು ಬಸ್ಸಿಗೆ ಕಳಿಸಿದೆ, ಎದುರಿನ ಗುಡ್ಡ ಹತ್ತಿದೆ. ರೆಮೆಯ ಮನೆ ವಿಳಾಸ ಮೂರು ವರ್ಷದಿಂದ ಬಾಯಿಪಾಠ, ಕಾಲು ಮಾತ್ರ ಎದ್ದಿರಲಿಲ್ಲ.

ಬಾಗಿಲು ತೆರೆದದ್ದು ಇದ್ರಿಸ್. ಬ್ರೆಡ್ ಮಾಡುವವನು, ಕೈಯೆಲ್ಲಾ ಹಿಟ್ಟು. ಕೇಳದೆಯೇ ನಾನು ಯಾರು ಅಂತ ಗೊತ್ತಾಯಿತು ಅವನಿಗೆ, ರೆಮೆಯ ಮೂಗು ನನ್ನದೇ ಅಲ್ಲವೇ. "ಒಳಗೆ ಬನ್ನಿ ಸೆನ್ಯೋರಾ, ನಿಮ್ಮ ಕುರ್ಚಿ ಖಾಲಿ ಇದೆ" ಅಂದ. ಮದುವೆ ಇಲ್ಲದ ಸಂಸಾರ ನನಗೂ ಒಪ್ಪಿಗೆಯಿಲ್ಲ. ಅತ್ತು ಮುಗಿದ ಮೇಲೆ ಅದನ್ನು ಅವರಿಬ್ಬರ ಮುಖಕ್ಕೇ ಹೇಳಿದೆ. "ಅಮ್ಮಾ, ಬಂದ ತಕ್ಷಣ ಶುರು ಮಾಡ್ದೆಯಾ?" ಅಂದಳು ನಿಮ್ಮ ಮಗಳು. ಶುರು ಮಾಡಿದೆ, ನಿಲ್ಲಿಸುವುದೂ ಇಲ್ಲ. ಆದರೆ ಬೈಯಬೇಕಾದರೂ ಬಾಗಿಲು ತೆರೆದಿರಬೇಕು. ಮುಚ್ಚಿದ ಬಾಗಿಲಿಗೆ ಬೈದು ನೀವು ಏನು ಗಳಿಸಿದಿರಿ?

ಇನ್ನೊಂದು ಮಾತು. ವರ್ಷಾ ವರ್ಷಾ ಹಬ್ಬದಲ್ಲಿ ಆಡುವ ಕ್ರೈಸ್ತರ, ಮೋರೋಗಳ ಕಾಳಗದ ಆಟದಲ್ಲಿ ಮೋರೋ ರಾಜನ ವೇಷ ನಿಮ್ಮದೇ. ಆ ಹಸಿರು ಮುಂಡಾಸಿಗೆ ಇಸ್ತ್ರಿ ಹಾಕುವವಳು ನಾನು, ಗಡ್ಡ ಅಂಟಿಸುವವಳು ನಾನು. ಕುದುರೆ ಮೇಲೆ ನಿಮ್ಮನ್ನು ನೋಡಿ ಊರೆಲ್ಲಾ ಚಪ್ಪಾಳೆ ತಟ್ಟುತ್ತದೆ. ಒಂದು ಮಧ್ಯಾಹ್ನದ ಮೋರೋ ಮನೆಗೆ ಬಂದರೆ ನಾನು ಕಾಲಿಗೆ ಬಿಸಿನೀರು ಕೊಡಬೇಕು, ದಿನವೂ ಮೋರೋ ಆಗಿರುವವನು ಬಂದರೆ ಬಾಗಿಲು ಹಾಕಬೇಕು. ಈ ನ್ಯಾಯ ಯಾವ ಧರ್ಮಗ್ರಂಥದಲ್ಲಿದೆ ಅಂತ ಹಿಲಾರಿಯೋ ಪಾದ್ರಿಯನ್ನೇ ಕೇಳಿ ತಿಳಿಸಿ.

ಈಗ ಹಬ್ಬದ ಮಾತು. ಹದಿನಾಲ್ಕರ ಸಂಜೆ ನಾನು ಬರುತ್ತೇನೆ, ರೆಮೆ ಜೊತೆಗಿರುತ್ತಾಳೆ. ನಾನು ತೊಡಿಸುತ್ತೇನೆ, ಅವಳು ಸೂಜಿ ಕೊಡುತ್ತಾಳೆ. ಒಬ್ದುಲಿಯಾಗೆ ಬೇಕಿದ್ದರೆ ದೀಪ ಹಿಡಿದು ನಿಲ್ಲಲಿ, ಹಿಡಿಯಲು ಬರುತ್ತದೆ ಅವಳಿಗೆ. ಬಾಗಿಲಲ್ಲಿ ನೀವು ಅಡ್ಡ ನಿಂತರೆ ನಾನು ಜಗಳ ಆಡುವುದಿಲ್ಲ, ಅದೇ ಬಸ್ಸಿಗೆ ವಾಪಸು ಹೊರಡುತ್ತೇನೆ. ದೇವಮಾತೆಯ ಬಟ್ಟೆಬೀರುವಿನ ಕೀಲಿಕೈಯೂ ನನ್ನ ಜೊತೆ ಹೊರಡುತ್ತದೆ. ಇರುವುದು ಅದೊಂದೇ ಅಂತ ನಿಮಗೆ ಗೊತ್ತು. ತಾಯಿ ಒಳಂಗಿಯಲ್ಲಿರುವಾಗ ಗಂಡಸಿನ ಕಣ್ಣು ಅವಳ ಮೇಲೆ ಬೀಳಬಾರದು, ಪಾದ್ರಿ ಕೂಡ ಹೊರಗೆ ಕಾಯಬೇಕು ಅನ್ನುವುದು ನಿಮ್ಮ ಸಂಘದ್ದೇ ನಿಯಮ. ಹಾಗಿದ್ದಾಗ ಬೀರು ಒಡೆಸಲು ಬಡಗಿಯನ್ನು, ಅವಳು ಒಳಂಗಿಯಲ್ಲಿ ನಿಂತಿರುವ ಆ ಕೋಣೆಗೆ ಹೇಗೆ ಕರೆಸುತ್ತೀರಿ, ಯೋಚನೆ ಮಾಡಿ. ಹದಿನೈದರ ಬೆಳಿಗ್ಗೆ ಊರೆಲ್ಲಾ ಅಂಗಳದಲ್ಲಿ ಕಾದಿರುತ್ತದೆ.

ನಾನು ದೇವಮಾತೆಗೆ ಹೆದರುವವಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವಳೂ ಮಗುವಿಗೆ ಜಾಗ ಕೇಳಿಕೊಂಡು ಬಾಗಿಲು ಬಾಗಿಲು ತಟ್ಟಿದವಳೇ.

ನಿಮ್ಮ ಹೆಂಡತಿಯೂ ರೆಮೆಯ ತಾಯಿಯೂ ಆದ,
ವಿರ್ತೂದೆಸ್

ಮರೆತೆ: ಕೀಲಿಕೈಗಾಗಿ ಒಲೆಯ ಮೇಲಿನ ಗೂಡು ತಡಕಬೇಡಿ. ಅದು ಇಲ್ಲಿ ನಿಮ್ಮ ಮೊಮ್ಮಗಳ ಬಾಯಲ್ಲಿದೆ. ಕೆಳಗಿನ ಎರಡು ಹಲ್ಲು ಬರುತ್ತಿವೆ, ತಣ್ಣನೆಯ ಕಬ್ಬಿಣ ಅವಳಿಗೆ ಹಿತವಾಗಿದೆ. ಕಿತ್ತುಕೊಳ್ಳಲು ಹೋದರೆ ಹುಬ್ಬು ಗಂಟಿಕ್ಕಿ ಮೇಜು ಗುದ್ದುತ್ತಾಳೆ, ಥೇಟ್ ನಿಮ್ಮ ಹಾಗೆ. ಹಬ್ಬಕ್ಕೆ ಅವಳನ್ನೂ ಕರೆತರುತ್ತೇನೆ. ಎಂಥ ದನಿ ಅಂತೀರಿ, ಎದುರಿನ ಗುಡ್ಡಕ್ಕೆ ಕೇಳುತ್ತದೆ. ನಿಮ್ಮ ರೇಡಿಯೋ ಎಷ್ಟು ಜೋರು ಮಾಡುತ್ತೀರೋ ನೋಡುತ್ತೇನೆ.